ಯುಎಸ್‌ಬಿ ಕಂಟ್ರೋಲರ್ ನಿಂತುಹೋದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಲ್ಲಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ತೂಕದ ಲೆಕ್ಕವಿಡುವ ಲಿನಕ್ಸ್ ಕಂಪ್ಯೂಟರನ್ನು ನೋಡಿಕೊಳ್ಳುತ್ತೇನೆ. ತೂಕದ ಯಂತ್ರವನ್ನು ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಮೂಲಕ ಜೋಡಿಸಿದ್ದೇವೆ. ಕೆಲಸದ ನಡುವೆ ತೂಕ ಬರುವುದು ನಿಂತು, ಹಿಂದೆಯೇ ಕೀಬೋರ್ಡ್ ಮತ್ತು ಮೌಸ್ ಕೂಡ ನಿಲ್ಲುತ್ತವೆ. ಕರ್ನಲ್ ಲಾಗಿನ (ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆಯ) ಕೊನೆಯಲ್ಲಿ ‘ಎಚ್‌ಸಿ ಡೈಡ್’ (ಹೋಸ್ಟ್ ಕಂಟ್ರೋಲರ್ ಸತ್ತಿದೆ) ಎಂದಿರುತ್ತದೆ. ಮದರ್‌ಬೋರ್ಡ್ ಬದಲಿಸಬೇಕೆ? ರೀಬೂಟ್ ಮಾಡದೆ ಸರಿಪಡಿಸಬಹುದೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮದರ್‌ಬೋರ್ಡಿನ ವಿಷಯದಲ್ಲಿ ಅವಸರ ಬೇಡ. ಆ ಕೊನೆಯ ಸಾಲು ಪರಿಣಾಮವನ್ನು ಹೇಳುತ್ತದೆ, ಕಾರಣವನ್ನಲ್ಲ. ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಚಿಪ್ಪೇ ಕಂಟ್ರೋಲರ್. ಎಕ್ಸ್‌ಎಚ್‌ಸಿಐ ಎಂಬ ಮಾದರಿಯ ಕಂಟ್ರೋಲರಿಗೆ ಅದರ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಒಂದು ಆಜ್ಞೆ ಕೊಟ್ಟು ಸಾಮಾನ್ಯವಾಗಿ 5 ಸೆಕೆಂಡು ಕಾಯುತ್ತದೆ. ಉತ್ತರ ಬಾರದೆ, ಆಜ್ಞೆಯನ್ನು ರದ್ದುಪಡಿಸುವ ಪ್ರಯತ್ನವೂ ಕೈಗೂಡದಿದ್ದರೆ, ಅಥವಾ ರಿಜಿಸ್ಟರ್ (ಚಿಪ್ಪಿನ ಸ್ಥಿತಿ ತಿಳಿಸುವ ಅದರೊಳಗಿನ ಪುಟ್ಟ ಸ್ಮೃತಿ) ಓದಿದಾಗ ಎಲ್ಲ ಬಿಟ್‌ಗಳೂ 1 ಆಗಿಯೇ ಬಂದರೆ, ಕಂಟ್ರೋಲರ್ ಸತ್ತಿದೆಯೆಂದು ತೀರ್ಮಾನಿಸಿ ಅದರಡಿಯ ಸಾಧನಗಳೆಲ್ಲವನ್ನೂ ಕಳಚಿಹಾಕುತ್ತದೆ. ತಪ್ಪಿಲ್ಲದ ಕೀಬೋರ್ಡ್ ಕೂಡ ನಿಲ್ಲುವುದು ಇದರಿಂದಲೇ.

ಆದ್ದರಿಂದ ಲಾಗನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತ, ಮೊದಲ ದೋಷ ಯಾವುದೆಂದು ಹುಡುಕಿರಿ. ರೀಬೂಟ್ ಮಾಡುವ ಮುನ್ನವೇ ಲಾಗನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುವುದು ಅತ್ಯಗತ್ಯ. ಅಲ್ಲಿ ಮೈನಸ್ 110 ಎಂಬ ದೋಷಸಂಖ್ಯೆ ಕಂಡರೆ ಸಾಧನ ಸಮಯಕ್ಕೆ ಉತ್ತರಿಸಲಿಲ್ಲವೆಂದು ಅರ್ಥ. ‘ಓವರ್ ಕರೆಂಟ್’ ಎಂದಿದ್ದರೆ ಪೋರ್ಟಿನ ವಿದ್ಯುತ್ತಿನ ತೊಂದರೆ. ಯುಎಸ್‌ಬಿ 2 ಪೋರ್ಟ್ 500 ಮತ್ತು ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪಿಯರ್ ಕೊಡುವಂತೆ ನಿಗದಿಯಾಗಿವೆ. ಮೈನಸ್ 71 ಎಂದರೆ ಸಾಧನದ ಉತ್ತರ ಕೆಟ್ಟು ಬಂದಿದೆ ಅಥವಾ ಬಂದೇ ಇಲ್ಲ. ಕಂಟ್ರೋಲರ್ ಸಾಮಾನ್ಯವಾಗಿ 3 ಸಲ ತಾನೇ ಪ್ರಯತ್ನಿಸಿ ಸೋತ ಮೇಲಷ್ಟೇ ಈ ದೋಷವನ್ನು ಡ್ರೈವರಿಗೆ ತಿಳಿಸುವುದರಿಂದ, ಅಂಥ ಒಂದು ಸಾಲನ್ನೂ ಹಗುರವಾಗಿ ಕಾಣಬಾರದು.

ನಿಮ್ಮ ಘಟಕದಲ್ಲಿ ನಾನು ಮೊದಲು ಅನುಮಾನಿಸುವುದು ವಿದ್ಯುತ್ಕಾಂತೀಯ ಅಡಚಣೆಯನ್ನು (ಇಎಂಐ). ಸಿಪ್ಪೆ ತೆಗೆಯುವ ಹಲ್ಲರ್ ಮತ್ತು ಬೀಜ ವಿಂಗಡಿಸುವ ಗ್ರೇಡರುಗಳ ದೊಡ್ಡ ಮೋಟಾರುಗಳು ಚಾಲೂ ಆಗುವ ಹೊತ್ತಿಗೂ ಲಾಗಿನ ಸಮಯಕ್ಕೂ ತಾಳೆ ನೋಡಿರಿ. ಹಬ್ (ಹಲವು ಪೋರ್ಟುಗಳನ್ನು ಒದಗಿಸುವ ಭಾಗ) ಒಂದು ಪೋರ್ಟನ್ನು ತಾನಾಗಿ ಮುಚ್ಚಿದಾಗ ಕರ್ನಲ್ ಲಾಗಿನಲ್ಲಿ ‘ಇಎಂಐ’ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಬರೆಯುತ್ತದೆ. ಅಂದರೆ ಅದನ್ನು ಬರೆದವರಿಗೂ ಈ ಸಂಶಯವೇ ಮೊದಲು ಬಂದಿತ್ತು. ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ಬೇರೆಬೇರೆ ಅರ್ಥಿಂಗ್ ಇದ್ದರೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಈ ಕೇಬಲ್ಲಿನಲ್ಲೇ ಹರಿಯಲು ದಾರಿ ಹುಡುಕುತ್ತದೆ. ಐಸೊಲೇಷನ್ ಇರುವ (ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕವಿಲ್ಲದ) ಕನ್ವರ್ಟರ್ ಹಾಕಿ, ಯುಎಸ್‌ಬಿ ಕೇಬಲ್ಲನ್ನು ಗಿಡ್ಡದಾಗಿಸಿ, ಮೋಟಾರಿನ ವೈರುಗಳಿಂದ ದೂರ ಎಳೆಯಿರಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ಕನೆಕ್ಟರುಗಳು ಕಿಲುಬು ಹಿಡಿಯುವುದೂ ಉಂಟು, ಅದನ್ನೂ ಪರೀಕ್ಷಿಸಿರಿ. ಹೂಮಳೆಯ ಗುಡುಗು ಮಿಂಚಿನ ನಂತರವೇ ತೊಂದರೆ ಶುರುವಾಗಿದ್ದರೆ ಮಾತ್ರ ಚಿಪ್ಪಿಗೇ ಪೆಟ್ಟಾಗಿರುವ ಸಾಧ್ಯತೆಯನ್ನು ಗಂಭೀರವಾಗಿ ಎಣಿಸಬೇಕು.

ಇನ್ನು ರೀಬೂಟ್ ಇಲ್ಲದ ದಾರಿ. ಸಿಸ್‌ಎಫ್‌ಎಸ್‌ನಲ್ಲಿ (ಯಂತ್ರಾಂಶವನ್ನು ಕಡತಗಳ ರೂಪದಲ್ಲಿ ತೋರಿಸುವ ಲಿನಕ್ಸ್ ವ್ಯವಸ್ಥೆ) ಎಕ್ಸ್‌ಎಚ್‌ಸಿಐ ಪಿಸಿಐ ಡ್ರೈವರಿನ ‘ಅನ್‌ಬೈಂಡ್’ ಕಡತಕ್ಕೆ ಕಂಟ್ರೋಲರಿನ ಪಿಸಿಐ ವಿಳಾಸವನ್ನು (ಮದರ್‌ಬೋರ್ಡಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬರೆದು, ನಂತರ ಅದನ್ನೇ ‘ಬೈಂಡ್’ ಕಡತಕ್ಕೆ ಬರೆದರೆ ಡ್ರೈವರ್ ಕಂಟ್ರೋಲರನ್ನು ಮೊದಲಿನಿಂದ ಸಜ್ಜುಗೊಳಿಸುತ್ತದೆ. ಕೀಬೋರ್ಡ್ ಸತ್ತಿರುವುದರಿಂದ ಇದನ್ನು ನೆಟ್‌ವರ್ಕ್ ಮೂಲಕ, ಎಸ್‌ಎಸ್‌ಎಚ್‌ನಿಂದ (ಬೇರೆ ಯಂತ್ರದಿಂದ ಲಾಗಿನ್ ಆಗುವ ವಿಧಾನ) ಮಾಡಬೇಕು. ಸಿಸ್ಟಮ್ಮೇ ಯುಎಸ್‌ಬಿ ಡಿಸ್ಕಿನಿಂದ ನಡೆಯುತ್ತಿದ್ದರೆ ಮಾಡಲೇಬಾರದು. ರಿಜಿಸ್ಟರುಗಳು ಇನ್ನೂ ಎಲ್ಲ 1 ಎಂದೇ ಹೇಳುತ್ತಿದ್ದರೆ ಇದು ಫಲಿಸದು. ಆಗ ಯಂತ್ರವನ್ನು ನಿಲ್ಲಿಸಿ, ಪ್ಲಗ್ ಕಿತ್ತು, ಸ್ಟ್ಯಾಂಡ್‌ಬೈ ವಿದ್ಯುತ್ ಪೂರ್ತಿ ಇಳಿದ ಮೇಲೆ ಚಾಲೂ ಮಾಡಬೇಕು. ಮರುಜೋಡಣೆಯ ನಂತರ ಕನ್ವರ್ಟರಿಗೆ ಲಿನಕ್ಸ್ ಕೊಡುವ ‘ಟಿಟಿವೈ’ ಸಂಖ್ಯೆ ಬದಲಾಗಬಹುದಾದ್ದರಿಂದ, ತೂಕದ ತಂತ್ರಾಂಶಕ್ಕೆ ‘ಸೀರಿಯಲ್ ಬೈ-ಐಡಿ’ ಎಂಬ ಬದಲಾಗದ ಹೆಸರನ್ನೇ ಕೊಟ್ಟಿಡುವುದು ಕ್ಷೇಮ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಯುಎಸ್‌ಬಿ ಡ್ರೈವರ್ ಬರೆಯುತ್ತಿದ್ದೇನೆ. ಮೈನಸ್ 32 ದೋಷ ಬಂದಾಗ ಯುಆರ್‌ಬಿಯನ್ನು (ಸಾಧನಕ್ಕೆ ಡ್ರೈವರ್ ಕಳುಹಿಸುವ ಕೋರಿಕೆ) ಮತ್ತೆ ಸಲ್ಲಿಸುತ್ತೇನೆ, ಲಾಗ್ ತುಂಬಿಹೋಗುತ್ತದೆ. ಸಾಧನ ಕಿತ್ತರೆ ಕರ್ನಲ್ ಕೆಡುತ್ತದೆ.
– ವಿದ್ಯಾರ್ಥಿನಿ, ಹಾಸನ

ಉತ್ತರ: ಮೈನಸ್ 32 ಎಂದರೆ ಎಂಡ್‌ಪಾಯಿಂಟ್ (ಸಾಧನದೊಡನೆ ದತ್ತಾಂಶ ಹರಿಯುವ ದ್ವಾರ) ಸ್ಟಾಲ್ ಆಗಿದೆ, ಅಂದರೆ ತಡೆದು ನಿಂತಿದೆ. ಬಲ್ಕ್ ಮತ್ತು ಇಂಟರಪ್ಟ್ ಎಂಡ್‌ಪಾಯಿಂಟುಗಳಲ್ಲಿ ಆ ಸ್ಥಿತಿಯನ್ನು ತೆರವುಗೊಳಿಸದೆ ಎಷ್ಟು ಸಲ ಸಲ್ಲಿಸಿದರೂ ಅದೇ ಉತ್ತರ ಬರುತ್ತದೆ. ತೆರವಿಗೆ ‘ಯುಎಸ್‌ಬಿ ಕ್ಲಿಯರ್ ಹಾಲ್ಟ್’ ಇದೆ. ಆದರೆ ಅದು ನಿದ್ರಿಸುವ ಫಂಕ್ಷನ್ ಆದ್ದರಿಂದ ಕಂಪ್ಲೀಷನ್ ಹ್ಯಾಂಡ್ಲರಿನೊಳಗೆ (ಯುಆರ್‌ಬಿ ಮುಗಿದಾಗ ನಡೆಯುವ, ನಿದ್ರಿಸಬಾರದ ಫಂಕ್ಷನ್) ಕರೆಯದೆ ವರ್ಕ್‌ಕ್ಯೂಗೆ (ಕೆಲಸವನ್ನು ಆಮೇಲೆ ನಡೆಸುವ ಸಾಲು) ಒಪ್ಪಿಸಬೇಕು. ಮೈನಸ್ 71 ಬಂದಾಗ ತಕ್ಷಣ ಮರುಸಲ್ಲಿಸದೆ, ಪ್ರತಿ ಸಲವೂ ಅಂತರ ಹೆಚ್ಚಿಸುತ್ತ ಕೆಲವು ಪ್ರಯತ್ನಗಳಿಗೆ ನಿಲ್ಲಿಸಿ, ಆಮೇಲೆ ‘ಯುಎಸ್‌ಬಿ ಕ್ಯೂ ರೀಸೆಟ್ ಡಿವೈಸ್’ ಕರೆಯಿರಿ. ಮೈನಸ್ 108 (ಸಾಧನ ಅಥವಾ ಕಂಟ್ರೋಲರ್ ನಿಂತುಹೋಗಿದೆ) ಬಂದರೆ ಮರುಸಲ್ಲಿಕೆಯನ್ನು ಅಲ್ಲಿಗೇ ಕೈಬಿಡಿ.

ಕಿತ್ತಾಗ ಕರ್ನಲ್ ಕೆಡುವುದಕ್ಕೆ ಬಹುಮಟ್ಟಿಗೆ ಕಾರಣ, ಡಿಸ್‌ಕನೆಕ್ಟ್ (ಸಾಧನ ಕಿತ್ತಾಗ ನಡೆಯುವ ಫಂಕ್ಷನ್) ಮುಗಿದು ಮೆಮೊರಿ ಬಿಡುಗಡೆಯಾದ ಮೇಲೂ ಯಾವುದೋ ವರ್ಕ್ ಮತ್ತೆ ಯುಆರ್‌ಬಿ ಸಲ್ಲಿಸುವುದು. ಯುಆರ್‌ಬಿ ನಿಲ್ಲಿಸಲು ‘ಕಿಲ್’ ಬದಲು ‘ಪಾಯಿಸನ್’ ಫಂಕ್ಷನ್ ಬಳಸಿದರೆ ಮುಂದಿನ ಸಲ್ಲಿಕೆಗಳೂ ತಿರಸ್ಕೃತವಾಗುತ್ತವೆ. ಅದಾದ ಮೇಲೆ ವರ್ಕನ್ನು ‘ಕ್ಯಾನ್ಸಲ್ ವರ್ಕ್ ಸಿಂಕ್’ನಿಂದ ರದ್ದುಪಡಿಸಿ, ಎಲ್ಲಕ್ಕಿಂತ ಕೊನೆಗೆ ಮೆಮೊರಿಯನ್ನು ಬಿಡಿರಿ.