ಕಪ್ಪು ಎಚ್‌ಡಿಪಿಇ ಪೈಪಿಗೆ ಪಿವಿಸಿ ಪೈಪನ್ನು ಸಾಲ್ವೆಂಟ್ ಸಿಮೆಂಟ್‌ನಿಂದ ಅಂಟಿಸಬಹುದೇ?

ಅಂಟಿಸಲಾಗದು. ಸಾಲ್ವೆಂಟ್ ಸಿಮೆಂಟ್ ಪಿವಿಸಿಯ ಮೇಲ್ಪದರವನ್ನು ಕರಗಿಸಿ ಎರಡು ತುಂಡುಗಳನ್ನು ಒಂದಾಗಿಸುತ್ತದೆ. ಎಚ್‌ಡಿಪಿಇ ಆ ದ್ರಾವಕದಲ್ಲಿ ಕರಗುವುದೇ ಇಲ್ಲವಾದ್ದರಿಂದ, ಅದರ ಮೇಣದಂಥ ಮೈಮೇಲೆ ಸಿಮೆಂಟ್ ಒಣಗಿ ಕಳಚಿಕೊಳ್ಳುತ್ತದೆ. ಎಪಾಕ್ಸಿಯೂ ಇಲ್ಲಿ ಬಹುಕಾಲ ನಿಲ್ಲದು. ಬಯಲಿನಲ್ಲಿ ಬಿಸಿಲಿನ ತೊಂದರೆ ಬೇರೆ: ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಎಚ್‌ಡಿಪಿಇ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ, ಪಿವಿಸಿ ಸುಮಾರು 1.5 ಮಿಲಿಮೀಟರ್ ಮಾತ್ರ; ಈ ವ್ಯತ್ಯಾಸ ಅಂಟಿಸಿದ ಜೋಡಣೆಯನ್ನು ಎಳೆದು ಸಡಿಲಿಸುತ್ತದೆ.

ಆದ್ದರಿಂದ ಎಚ್‌ಡಿಪಿಇ ತುದಿಗೆ ರಬ್ಬರ್ ರಿಂಗ್ ಇರುವ ಕಂಪ್ರೆಷನ್ ಅಡಾಪ್ಟರ್ (ನಟ್ಟು ಬಿಗಿದಂತೆ ಪೈಪನ್ನು ಅದುಮಿ ಹಿಡಿಯುವ ಜೋಡಕ) ಹಾಕಿ, ಅದರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ಪಿವಿಸಿ ಬದಿಗೆ ಅಂಟಿಸಿದ ಹಿತ್ತಾಳೆ ಥ್ರೆಡ್ಡಿನ ಎಫ್‌ಟಿಎಗೆ (ಒಳಬದಿಯಲ್ಲಿ ಥ್ರೆಡ್ ಇರುವ ಅಡಾಪ್ಟರ್) ತಿರುಗಿಸಿ ಬಿಗಿಮಾಡುವುದೇ ನನ್ನ ದೃಷ್ಟಿಯಲ್ಲಿ ನಂಬಬಹುದಾದ ದಾರಿ. ಅಡಾಪ್ಟರನ್ನು ಎಚ್‌ಡಿಪಿಇ ಪೈಪಿನ ಹೊರವ್ಯಾಸ ನೋಡಿ ಕೊಳ್ಳಿ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಚೂರುಗಳನ್ನು ತಪ್ಪದೆ ಕೆರೆದು ತೆಗೆಯಿರಿ. ಇಲ್ಲವಾದರೆ ರಬ್ಬರ್ ರಿಂಗ್ ಹರಿದು ನೀರು ಸೋರುತ್ತದೆ.