ಡ್ರಿಲ್ ಇಲ್ದೆ ಪ್ಲಾಟಿನಂನಲ್ಲಿ ನ್ಯಾನೋ ತೂತು ಹೇಗೆ ಬರುತ್ತೆ?

ಪ್ರಶ್ನೆ: ಸರ್, ನಾನು ಮಡಿಕೇರೀಲಿ ಬಿಎಸ್ಸಿ ಓದ್ತಿದೀನಿ. ಸೆಲ್ಫ್ ಅಸೆಂಬ್ಲಿಯಿಂದ, ಅಂದ್ರೆ ಅಣುಗಳು ತಾವೇ ಸಾಲಾಗಿ ಜೋಡಿಸಿಕೊಳ್ಳೋದ್ರಿಂದ, ಪ್ಲಾಟಿನಂ ಒಳಗೆ ಸಾಲಾಗಿ ತೂತು ಬರೋ ಹಾಗೆ ಮಾಡ್ತಾರಂತೆ. ಹೇಗೆ? ಯಾಕೆ ಅಷ್ಟು ಕಷ್ಟ ಪಡ್ತಾರೆ? ನಮ್ಮ ಕಾಲೇಜ್ ಲ್ಯಾಬಲ್ಲಿ ಮಾಡೋಕಾಗುತ್ತಾ?

ಉತ್ತರ: ಯಾಕೆ ಅನ್ನೋದನ್ನ ಮೊದಲು ನೋಡೋಣ. 1 ಗ್ರಾಂ ಪ್ಲಾಟಿನಂ ಗಟ್ಟಿ ಕ್ಯೂಬ್ ಆಗಿದ್ರೆ ಅದರ ಮೇಲ್ಮೈ 1 ಚದರ ಸೆಂಟಿಮೀಟರಿಗೂ ಕಮ್ಮಿ, ಅದೇ 1 ಗ್ರಾಂನ 2 ನ್ಯಾನೋಮೀಟರ್ ಕಣ ಮಾಡಿದ್ರೆ ಲೆಕ್ಕದ ಪ್ರಕಾರ ಸುಮಾರು 140 ಚದರ ಮೀಟರ್. ಹೈಡ್ರೋಜನ್‌ನಂಥ ಇಂಧನದಿಂದ ಕರೆಂಟ್ ಮಾಡೋ ಫ್ಯುಯಲ್ ಸೆಲ್‌ನಲ್ಲಿ ರಿಯಾಕ್ಷನ್ ನಡೆಯೋದು ಮೇಲ್ಮೈ ಮೇಲೇ, ಪ್ಲಾಟಿನಂ ರೇಟ್ ಅಂತೂ ಕೇಳೋದೇ ಬೇಡ, ಅದಕ್ಕೇ ಒಳಗೆಲ್ಲಾ ಗ್ಯಾಸ್ ಓಡಾಡೋ ಹಾಗೆ ತೂತು ಬೇಕು.

ಕಷ್ಟ ಇರೋದು ಲೋಹದ ಸ್ವಭಾವದಲ್ಲಿ. ಸಣ್ಣ ಕಣ ಬಿಸಿಯಾದ್ರೆ ಒಂದಕ್ಕೊಂದು ಅಂಟಿ ಗಡ್ಡೆ ಆಗುತ್ತೆ, ತೂತೆಲ್ಲಾ ಮುಚ್ಚಿಹೋಗುತ್ತೆ. 1997ರಲ್ಲಿ ಅಟಾರ್ಡ್ ತಂಡ ಸರ್ಫ್ಯಾಕ್ಟೆಂಟ್‌ನ (ಸೋಪಿನಂಥ ಅಣುಗಳ) ಲಿಕ್ವಿಡ್ ಕ್ರಿಸ್ಟಲ್ ಒಳಗೇ, ಅಂದ್ರೆ ಆ ಅಣುಗಳು ಸಾಲಾಗಿ ನಿಂತ ದ್ರವದ ಒಳಗೇ, ಪ್ಲಾಟಿನಂ ಬೆಳೆಸಿ ತೋರಿಸ್ತು, ಆದ್ರೆ ತೂತು ತುಂಬಾ ಚಿಕ್ಕದು. 2008ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ವೀಸ್ನರ್ ತಂಡ ಮಾಡಿದ ಕೆಲಸ ನಂಗೆ ಇವತ್ತಿಗೂ ಅದ್ಭುತ ಅನ್ಸುತ್ತೆ. ಒಂದಕ್ಕೊಂದು ಸೇರದ ಎರಡು ಪಾಲಿಮರ್ ತುಂಡುಗಳನ್ನ ಒಂದೇ ಸರಪಳಿಯಾಗಿ ಜೋಡಿಸಿರೋ ಬ್ಲಾಕ್ ಕೋಪಾಲಿಮರ್ ತಗೊಂಡ್ರು, ಇವು ದೂರ ಹೋಗೋಕೂ ಆಗಲ್ಲ ಬೆರೆಯೋಕೂ ಆಗಲ್ಲ, ಹಂಗಾಗಿ ತಾವೇ ಸಾಲುಸಾಲಾಗಿ ಬೇರೆಯಾಗಿ ನಿಲ್ತವೆ. ಪ್ಲಾಟಿನಂ ಕಣಗಳಿಗೆ ಒಂದು ತುಂಡಿನ ಜೊತೆ ಮಾತ್ರ ಸೇರೋ ಕೋಟಿಂಗ್ ಕೊಟ್ರು. ಆಮೇಲೆ ಗಾಳಿ ಇಲ್ದೆ ಕಾಯಿಸಿದ್ರು, ಪಾಲಿಮರ್ ಸುಟ್ಟು ಹೋಗೋ ಬದಲು ಇದ್ದಲಾಗಿ ಗಟ್ಟಿ ನಿಲ್ತು, ಕೊನೆಗೆ ಆ ಇದ್ದಲು ತೆಗೆದ್ರು. ಮನೆ ಸ್ಲ್ಯಾಬಿಗೆ ಹಾಕೋ ಸೆಂಟ್ರಿಂಗ್ ಥರಾನೇ, ಕಾಂಕ್ರೀಟ್ ಸೆಟ್ ಆಗೋ ಮುಂಚೆ ಬಿಚ್ಚಿದ್ರೆ ಎಲ್ಲಾ ಕುಸಿಯುತ್ತೆ. ಉಳಿದದ್ದು 10 ನ್ಯಾನೋಮೀಟರ್ ಆಸುಪಾಸಿನ ತೂತಿರೋ ಲೋಹ.

ನಿಮ್ಮ ಲ್ಯಾಬಲ್ಲಿ ಪ್ಲಾಟಿನಂ ಮುಟ್ಟೋದು ಬೇಡ. ಪ್ಲಾಟಿನಂ ಕಣ ಮಾಡೋಕೆ ಸಾಮಾನ್ಯವಾಗಿ ಬಳಸೋ ಕ್ಲೋರೋಪ್ಲಾಟಿನೇಟ್ ಉಪ್ಪಿನ ಧೂಳಿಗೆ ಅಲರ್ಜಿ, ಆಸ್ತಮಾ ಶುರುವಾಗಬಹುದು, ಮೇಲಾಗಿ ತೂತು ನೋಡೋಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದರ ಬದಲು ಸೆಲ್ಫ್ ಅಸೆಂಬ್ಲಿನೇ ಕಣ್ಣಾರೆ ನೋಡಿ: ನೀರಿಗೆ ಸೋಡಿಯಂ ಡೋಡೆಸೈಲ್ ಸಲ್ಫೇಟ್ (ಇದೂ ಒಂದು ಸರ್ಫ್ಯಾಕ್ಟೆಂಟ್) ಸ್ವಲ್ಪಸ್ವಲ್ಪ ಹಾಕ್ತಾ ಕಂಡಕ್ಟಿವಿಟಿ, ಅಂದ್ರೆ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದು, ಅಳೀರಿ, 8 ಮಿಲಿಮೋಲಾರ್ ಹತ್ರ ಗ್ರಾಫ್ ಗೆರೆ ಬಾಗುತ್ತೆ, ಅಣುಗಳು ಗುಂಪು ಕಟ್ಟಿ ಮೈಸೆಲ್ ಆಗೋದು ಅಲ್ಲೇ. ಮಡಿಕೇರಿ ಚಳೀಲಿ ದ್ರಾವಣದಲ್ಲಿ ಬಿಳಿ ಹರಳು ಬಿದ್ರೆ ಗಾಬರಿ ಬೇಡ, ಬೀಕರನ್ನ 25 ಡಿಗ್ರಿ ವಾಟರ್ ಬಾತಲ್ಲಿ ಇಟ್ಟು, ಹರಳು ಪೂರ್ತಿ ಕರಗಿದ ಮೇಲೆ ರೀಡಿಂಗ್ ತಗೊಳ್ಳಿ.