ಪ್ರತಿಕ್ರಿಯೆ: ಜಮಖಂಡಿಯಿಂದ ಸುಡಾನ್ ನಿರಾಶ್ರಿತರಿಗೆ ಬಟ್ಟೆ ಕಳಿಸುವುದು

ಸುಡಾನ್ ನಿರಾಶ್ರಿತರಿಗೆ ಅಂತ ಕೂಡಿಸಿದ ಬಟ್ಟೆ, ಕೌದಿಗಳನ್ನು (ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ) ಪಾರ್ಸೆಲ್‌ನವರು ತೆಗೆದುಕೊಳ್ಳಲಿಲ್ಲ ಅಂತ ಬರೆದಿದ್ದೀರಿ. ಕಾರಣ ಬಹುಶಃ ಅವು ಬಳಸಿದವು ಅನ್ನುವುದೇ. ಹಳೇ ಬಟ್ಟೆ ಒಳಗೆ ಬಿಡಲು ಎಷ್ಟೋ ದೇಶಗಳಲ್ಲಿ ನಿರ್ಬಂಧವಿದೆ. ಸಾಗಣೆ ಖರ್ಚೂ ಬಟ್ಟೆಯ ಬೆಲೆಗಿಂತ ಜಾಸ್ತಿ. ಇನ್ನೊಂದು ಆಫೀಸಿಗೆ ಸುಮ್ನೆ ಅಲೆಯಬೇಡಿ.

ಓಣಿಯವರಿಂದ ಹಣ ಕೂಡಿಸಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದ ಮೇಲೆ ಲಕ್ಷಾಂತರ ಜನ ನೆರೆಯ ಚಾಡ್, ಈಜಿಪ್ಟ್ ಸೇರಿದ್ದಾರೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಅವರಿಗೆ ಆಸರೆ, ಹೊದಿಕೆ ಕೊಡುತ್ತದೆ. ವಿಶ್ವ ಆಹಾರ ಕಾರ್ಯಕ್ರಮ ಊಟ ನೋಡಿಕೊಳ್ಳುತ್ತದೆ. ಇವರ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ ತೆರೆಯಿರಿ. ವಾಟ್ಸಾಪ್‌ನಲ್ಲಿ ಅಳುವ ಮಗುವಿನ ಫೋಟೊ ಜೊತೆ ಬರುವ ಕ್ಯೂಆರ್ ಕೋಡ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ತೆರಿಗೆ ವಿನಾಯಿತಿ ಬೇಕಿದ್ದರೆ ಅದಕ್ಕೆ ನಡೆಯುವ ರಸೀದಿ ಸಿಗುತ್ತದಾ ಅಂತ ಮುಂಚೆಯೇ ಕೇಳಿ. ಆಮೇಲೆ ಹಣ ಕೊಟ್ಟವರಿಗೆಲ್ಲ ರಸೀದಿ ತೋರಿಸಿ.

ಕೌದಿಗಳನ್ನು ಮಾತ್ರ ದಯವಿಟ್ಟು ವಾಪಸ್ ಕೊಡಬೇಡಿ. ಸೀಜನ್‌ನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಗ್ಯಾಂಗಿನವರು ನಿಮ್ಮ ಸುತ್ತಲಲ್ಲೇ ಗುಡಿಸಲು ಹಾಕಿರುತ್ತಾರೆ. ನಸುಕಿನ ಚಳಿಯಲ್ಲಿ ಕೂಸುಗಳು ರವದಿ (ಕಬ್ಬಿನ ಒಣ ಎಲೆ) ಮೇಲೆ ಮಲಗಿರುತ್ತವೆ. ಎಷ್ಟು ಗುಡಿಸಲು ಅಂತ ಮುಕಾದಮನನ್ನು (ಗ್ಯಾಂಗಿನ ಮುಖ್ಯಸ್ಥ) ಕೇಳಿಕೊಳ್ಳಿ, ಆದರೆ ಹೆಂಗಸರ ಕೈಗೇ ಕೊಡಿ. ಸಂಜೆ ಹೋಗಿ, ಹಗಲು ಎಲ್ಲರೂ ಕಬ್ಬು ಕಡಿಯುವ ಫಡದಲ್ಲಿರುತ್ತಾರೆ.